ಅಳುಹಾಡಿನ ಹಿಂದೆ ಹೋದ ಕನಿಶಾಯ್

ಕಿರ್ಗಿಜ್ ನಾಡಿನ ನಮ್ಮ ನಾರಿನ್ ಊರಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ವಿಷಯ ಹುಡುಕುವುದೂ ಮದುವೆಗೆ ಗಂಡು ಹುಡುಕುವುದೂ ಒಂದೇ. ಎಲ್ಲರೂ ಬಾಯಿ ಹಾಕುತ್ತಾರೆ, ಬಾಳಬೇಕಾದವಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಆ ವರ್ಷ ರಾಜಧಾನಿಯಿಂದ ಸುತ್ತೋಲೆ ಬಂತು. ಮಾನವಿಕ ಮತ್ತು ಸಮಾಜ ವಿಜ್ಞಾನಗಳ ಯುವ ಸಂಶೋಧಕರು ಅರೆದದ್ದನ್ನೇ ಅರೆಯಬಾರದು, ಹೊಸ ದಾರಿ ಹಿಡಿಯಬೇಕು ಎಂದಿತ್ತು. ಆ ಹೊಸ ದಾರಿಗಳು ಯಾವುವು ಎಂಬುದನ್ನೂ ಅವರೇ ಬರೆದು ಕಳಿಸಿದ್ದರು. ವಲಸೆ, ಹವಾಮಾನ, ಕರಗುವ ಹಿಮನದಿ, ಮೊಬೈಲು. ನಮ್ಮ ಹುಡುಗ ಹುಡುಗಿಯರು ಸಂತೆಯಲ್ಲಿ ಅಗ್ಗದ ಕೋಟು ಕಂಡವರ ಹಾಗೆ ಮುಗಿಬಿದ್ದು ಒಂದೊಂದು ಎತ್ತಿಕೊಂಡರು.

ಕನಿಶಾಯ್ ಎತ್ತಿಕೊಳ್ಳಲಿಲ್ಲ. ಅತ್‌ಬಾಶಿಯ ಲಾರಿ ಡ್ರೈವರನ ಮಗಳು ಅವಳು. ಕಡ್ಡಿಯಂಥ ಮೈ, ಅಣ್ಣನ ದೊಡ್ಡ ಬೂಟು. ವಿಭಾಗದಲ್ಲಿ ನನ್ನ ಕೋಣೆಯಲ್ಲೇ ಅವಳಿಗೂ ಒಂದು ಮೇಜು ಹಾಕಿದ್ದರು. ನಾನು ಸಾಲ್ಕಿನ್, ಇಲ್ಲಿ ಇತಿಹಾಸ ಪಾಠ ಹೇಳಿ ಹೇಳಿಯೇ ಗಂಟಲು ಒರಟಾದವಳು. ನನ್ನ ಸಿಡುಕಿಗೆ ಹೆದರಿ ಆ ಕೋಣೆಗೆ ಯಾರೂ ಬರುತ್ತಿರಲಿಲ್ಲ. ಅವಳು ಬಂದಳು, ಒಲೆಗೆ ಕಲ್ಲಿದ್ದಲು ಹಾಕಿದಳು, ಚಹಾ ಬಗ್ಗಿಸಿಕೊಟ್ಟು ಕೇಳಿದಳು:

"ಅಕ್ಕ, ಸತ್ತೋರ ಮೇಲೆ ಹೆಂಗಸರು ಕಟ್ಟೋ ಅಳುಹಾಡಲ್ಲಿ ಅಚ್ಚಾಗಿರೋದೆಲ್ಲ ಖಾನರದ್ದು, ವೀರರದ್ದು. ನಮ್ಮ ದೊಡ್ಡಪ್ಪ ಮಾಸ್ಕೋದಲ್ಲಿ ಟ್ಯಾಕ್ಸಿ ಓಡಿಸ್ತಾ ಸತ್ತ. ವಿಮಾನದಲ್ಲಿ ಪೆಟ್ಟಿಗೆ ಬಂತು. ದೊಡ್ಡಮ್ಮ ಆ ಟ್ಯಾಕ್ಸಿನೂ ಹಾಡಲ್ಲಿ ಸೇರಿಸ್ಕೊಂಡು ಅತ್ಲು. ಅದನ್ನ ಯಾರು ಬರ್ಕೊಂಡಿದಾರೆ?"

ಯಾರೂ ಬರೆದುಕೊಂಡಿರಲಿಲ್ಲ. ಬರೆಯದೆ ಬಿಟ್ಟವರಲ್ಲಿ ನಾನೂ ಒಬ್ಬಳಲ್ಲವೇ, ಚಹಾದೊಳಗೆ ಮುಖ ಹುದುಗಿಸಿದೆ.

ವಿಭಾಗದ ಮುಖ್ಯಸ್ಥರು ಎಸೆನ್‌ಕುಲ್ ಮೇಷ್ಟ್ರು. ಭಾರಿ ಆಳು, ಒಳ್ಳೆಯ ಮನಸ್ಸು, ರಾಜಧಾನಿಯವರು ಹೇಳಿದ್ದೆಲ್ಲ ವೇದವಾಕ್ಯ. ಅಳುಹಾಡೇ ತನ್ನ ವಿಷಯ ಎಂದು ಕನಿಶಾಯ್ ಹೇಳಿದಾಗ ಅವರು ನಕ್ಕುಬಿಟ್ಟರು. "ಅಳೋದ್ರಲ್ಲಿ ಹೊಸದೇನಿದೆಯಮ್ಮಾ? ವಸಂತದ ಸಭೆವರೆಗೂ ಟೈಮ್ ಕೊಡ್ತೀನಿ, ಏನಾದ್ರೂ ತಂದು ತೋರ್ಸು. ಸಭೆ ಒಪ್ಪದಿದ್ರೆ ಹಿಮನದಿ ತಗೋ, ಇಲ್ಲಾ ಜಾಗ ಬಿಡು."

ಅವಳು ಮೊದಲು ಹೋದದ್ದು ಬಾತ್ಮ ಅಜ್ಜಿಯ ಮನೆಗೆ. ನಮ್ಮ ಕಣಿವೆಯಲ್ಲಿ ಎಲ್ಲಿ ಸಾವಾದರೂ ಅಳುಹಾಡು ಎತ್ತಿಕೊಡಲು ಬಾತ್ಮ ಅಜ್ಜಿಯನ್ನೇ ಕರೆಯುತ್ತಾರೆ. ಸ್ವಂತ ಮಗನನ್ನು ಕಳೆದುಕೊಂಡಾಗ ಆಕೆ ಅತ್ತ ಅಳು ಈಗಲೂ ಮಾತಿಗೆ ಬರುತ್ತದೆ. ಅಜ್ಜಿ ಚಹಾ ಕೊಟ್ಟರು, ಕೆನೆ ಕೊಟ್ಟರು. ಕನಿಶಾಯ್ ಫೋನು ತೆಗೆದು ಮುಂದಿಟ್ಟಳು.

"ಅಜ್ಜಿ, ಮಗ ತೀರ್ಕೊಂಡಾಗ ನೀವು ಅತ್ತಿದ್ರಲ್ಲ, ಅದನ್ನ ಒಂದ್ಸಲ ಹೇಳ್ತೀರಾ?"

ಪಕ್ಕದ ಕೋಣೆಯಲ್ಲಿ ಅಜ್ಜಿಯ ಗಂಡ ಕುದುರೆಯ ಜೀನು ಹೊಲಿಯುತ್ತ ಕೂತಿದ್ದ. ಅಜ್ಜಿಯ ಮುಖ ಬಿಳಿಚಿಕೊಂಡಿತು. "ನನ್ನ ಮುದುಕ ಜೀವಂತ ಕೂತಿದಾನೆ ಕಣೇ! ಯಾರ ಹೆಣದ ಮುಂದೆ ಅಳ್ಲಿ? ನಿಂದಾ?" ಎಂದು ಎದ್ದು, ಅವಳ ಬಟ್ಟಲಿನ ಚಹಾವನ್ನು ಹಿಮಕ್ಕೆ ಚೆಲ್ಲಿ, ಅವಳನ್ನು ಹೊರಗಟ್ಟಿ ಬಾಗಿಲು ಹಾಕಿಕೊಂಡರು.

ಹೆಣವಿಲ್ಲದ ಮನೆಯಲ್ಲಿ ಅಳುಹಾಡು ಎತ್ತಿದರೆ ಸಾವನ್ನು ಕೂಗಿ ಕರೆದ ಹಾಗೆ. ಇದು ನಮ್ಮ ಕೂಸುಗಳಿಗೂ ಗೊತ್ತು. ಅತ್‌ಬಾಶಿಯಲ್ಲಿ ಹುಟ್ಟಿದವಳು ಹೀಗೆ ಮಾಡುವುದೇ? ನಾನು ಚೆನ್ನಾಗಿ ಝಾಡಿಸಿದೆ.

"ಗೊತ್ತಿತ್ತು ಅಕ್ಕ," ಎಂದಳು. "ಲೈಬ್ರರೀಲಿ ಓದಿ ಓದಿ ಅದೂ ಒಂದು ಹಾಡು ಅನ್ನೋ ಹಾಗಾಗ್ಬಿಟ್ಟಿತ್ತು."

ಸುದ್ದಿ ಊರೂರಿಗೆ ಹಬ್ಬಿ ಬಾಗಿಲುಗಳು ಮುಚ್ಚಿದವು. ಬೇರೆ ಯಾರಾದರೂ ಆಗಿದ್ದರೆ ಹಿಮನದಿ ಹತ್ತುತ್ತಿದ್ದರು. ಇವಳು ಗುರುವಾರ ಹಿಟ್ಟು ಎಣ್ಣೆ ಹೊತ್ತುಕೊಂಡು ಮತ್ತೆ ಬಾತ್ಮ ಅಜ್ಜಿಯ ಮನೆಗೇ ಹೋದಳು. ಸತ್ತವರಿಗೆ ಎಣ್ಣೆಯ ವಾಸನೆ ಮುಟ್ಟಲೆಂದು ನಾವು ರೊಟ್ಟಿ ಕರಿಯುವ ದಿನ ಅದು. ಏನೂ ಕೇಳದೆ, ಹೊರಗಿನ ಒಲೆ ಹೊತ್ತಿಸಿ, ಅಜ್ಜಿಯ ಮಗನ ಹೆಸರಿನಲ್ಲಿ ಕರಿಯುತ್ತ ಕೂತಳು. ಅಜ್ಜಿ ಬಹಳ ಹೊತ್ತು ಕಿಟಕಿಯಿಂದ ನೋಡಿ, ಕೊನೆಗೆ ತಡೆಯಲಾರದೆ ಹೊರಬಂದರು.

"ಸುಟ್ಟು ಕರಿಕಲು ಮಾಡ್ತಿದೀಯಲ್ಲೇ! ನನ್ನ ಮಗ ಸ್ವರ್ಗದಲ್ಲೂ ಮೂಗು ಮುಚ್ಕೋಬೇಕು. ಸರಿ ಆ ಕಡೆ."

ರೊಟ್ಟಿ ಮುರಿದು ಕೈಯೆತ್ತಿ ಪ್ರಾರ್ಥನೆ ಮಾಡಿದ ಮೇಲೆ ಅಜ್ಜಿ ಅಂದರಂತೆ: "ಸಾವಾದಾಗ ಬಾ. ಆ ಯಂತ್ರ ಮನೇಲಿಟ್ಟು ಬಾ. ನೀರು ಹೊರು, ಪಾತ್ರೆ ತೊಳಿ. ಕಿವಿ ಇದ್ರೆ ಕೇಳ್ಸುತ್ತೆ."

ಆ ಚಳಿಗಾಲವೆಲ್ಲ ಕನಿಶಾಯ್ ಸಾವಿನ ಮನೆಗಳಲ್ಲಿ ನೀರು ಹೊತ್ತಳು. ಅಂಗಳದಲ್ಲಿ ಎಬ್ಬಿಸಿದ ಗುಡಾರದೊಳಗೆ ಹೆಂಗಸರು ಗೋಡೆಗೆ ಮುಖ ಮಾಡಿ ಕೂತು ಅಳುತ್ತಾರೆ, ಗಂಡಸರು ಹೊರಗೆ ಕೋಲಿಗೆ ಬಾಗಿ ನಿಂತು ಅಳುತ್ತಾರೆ. ಒಂದು ಗುಂಪು ಬಂದು ಹೋಗಿ ಇನ್ನೊಂದು ಬರುವವರೆಗೆ ಒಳಗಿನ ಹೆಂಗಸರು ಸುಮ್ಮನಿರುವುದಿಲ್ಲ. "ಅವನು ಯಾವ ಫಾರಂನಲ್ಲಿದ್ದ?" "ಮಗಳನ್ನ ಎಲ್ಲಿಗೆ ಕೊಟ್ಟಿದ್ದ?" ಎಂದು ಕೇಳಿ ತಿಳಿದುಕೊಂಡು, ಮುಂದಿನ ಅಳುವಿಗೆ ಸೇರಿಸುತ್ತಾರೆ. ನಾನೂ ಎಷ್ಟೋ ಸಲ ಅಲ್ಲೇ ಕೂತಿದ್ದೆ, ಇದೊಂದು ಕೆಲಸವೆಂದು ಕಣ್ಣಿಗೆ ಬಿದ್ದಿರಲಿಲ್ಲ. ಅವಳ ಕಣ್ಣಿಗೆ ಬಿತ್ತು. ಸಾಮಾನ್ಯ ಮನುಷ್ಯನೊಬ್ಬನ ಬದುಕನ್ನು ಯಾರಾದರೂ ಕೂಡಿಸಿ ಹೇಳುವುದು ಅದೊಂದೇ ಸಲ ಎಂದಳು.

ತನಗೆ ತಾನೇ ಒಂದು ಕಟ್ಟಳೆಯನ್ನೂ ಹಾಕಿಕೊಂಡಳು. ನೆನಪಿನಿಂದ ಬರೆಯುವುದು. ನಲವತ್ತನೇ ದಿನ ಕಳೆದ ಮೇಲೆ, ರೊಟ್ಟಿ ಕರಿಯುವ ದಿನ ನೋಡಿ, ಅತ್ತವರ ಮುಂದೆ ರಾಗವಿಲ್ಲದೆ ಓದುವುದು. ಬೇಡ ಎಂದರೆ ಒಲೆಗೆ ಹಾಕುವುದು. ಹೀಗೆ ಅರ್ಧಕ್ಕರ್ಧ ಒಲೆಗೇ ಹೋಯಿತು. ಎಷ್ಟೋ ಡಾಕ್ಟರೇಟುಗಳು ಹುಟ್ಟುವುದನ್ನು ಕಂಡವಳು ನಾನು, ಇಂಥ ನಿಯತ್ತು ಕಂಡಿರಲಿಲ್ಲ. ಹೊಟ್ಟೆಕಿಚ್ಚಾಯಿತು ಎಂದರೂ ತಪ್ಪಿಲ್ಲ.

ಚಳಿಗಾಲದ ಕೊನೆಗೆ ಎಸೆನ್‌ಕುಲ್ ಮೇಷ್ಟ್ರ ತಾಯಿ ತೀರಿಕೊಂಡರು. ಅವರಿಗೆ ಹೆಣ್ಣುಮಕ್ಕಳಿಲ್ಲ. ಮೇಷ್ಟ್ರ ಹೆಂಡತಿ, ಸೊಸೆ ಕ್ಲಾರಾ ಒಬ್ಬಳೇ ಅಳಬೇಕಾದವಳು. ಕ್ಲಾರಾ ಹಲ್ಲಿನ ಡಾಕ್ಟರು, ರಾಜಧಾನಿಯಲ್ಲಿ ರಷ್ಯನ್ ಮಾತಾಡುತ್ತ ಬೆಳೆದವಳು. ನಮ್ಮ ಕಿರ್ಗಿಜ್ ಅವಳ ಬಾಯಲ್ಲಿ ಎಡವುತ್ತದೆ. ಕಪ್ಪು ಬಟ್ಟೆ ಹೊದ್ದು ಗೋಡೆಗೆ ಮುಖ ಮಾಡಿ ತುಟಿ ಬಿಗಿದು ಕೂತಳು. ಜನ ಬರುತ್ತಿದ್ದಾರೆ, ಒಳಗಿನಿಂದ ದನಿಯಿಲ್ಲ. ಇದಕ್ಕಿಂತ ಅವಮಾನ ನಮ್ಮಲ್ಲಿಲ್ಲ. ಬಾತ್ಮ ಅಜ್ಜಿ ಸೊಸೆಯ ಪರವಾಗಿ, "ನಾನು ನಿನ್ನ ಸೊಸೆ, ಅಮ್ಮಾ" ಎಂದೇ ಎತ್ತಿಕೊಂಡರು. ಆ ತಾಯಿ ಹಿಮದಲ್ಲಿ ಸರ್ಕಾರಿ ಫಾರಂನ ಕುರಿ ಕಾಯುತ್ತ, ಮಗನನ್ನು ಕೋಟಿನೊಳಗೆ ಕಟ್ಟಿಕೊಂಡು ತಿರುಗಿದ್ದನ್ನೆಲ್ಲ ತಂದರು. ಹೊರಗೆ ಮೇಷ್ಟ್ರು ಕೋಲು ಹಿಡಿದು ಗಳಗಳನೆ ಅಳುವುದು ನಮಗೆ ಕೇಳುತ್ತಿತ್ತು.

ಸ್ವಲ್ಪ ದಿನ ಬಿಟ್ಟು ಮೇಷ್ಟ್ರು ನಮ್ಮ ಕೋಣೆಗೇ ಬಂದರು. "ನಮ್ಮಮ್ಮನ ಹಾಡು ನೆನಪಿದ್ಯೇನಮ್ಮಾ? ಅದನ್ನೇ ಮೊದಲು ಇಡು. ಸಭೇಲಿ ನಾನೇ ನಿಂತು ಹೇಳ್ತೀನಿ."

ಬಂತಪ್ಪ ಅದೃಷ್ಟ ಎಂದುಕೊಂಡೆ. ಈ ಮಹಾತಾಯಿ ಅಂದಳು: "ಬರೆದಿದೀನಿ ಮೇಷ್ಟ್ರೇ. ಆದ್ರೆ ಅದು ಸೊಸೆ ಅಳು. ಕ್ಲಾರಾ ಅಕ್ಕ ಒಪ್ಬೇಕು."

"ಮಗ ನಾನಿದೀನಲ್ಲ!"

"ನೀವು ಹೊರಗಿದ್ರಿ."

ನಲವತ್ತನೇ ದಿನದವರೆಗೆ ಕಾಯಲು ಮೇಷ್ಟ್ರು ಬಿಡಲಿಲ್ಲ, ಆಗಲೇ ಕೇಳಿಸಿದರು. ಕ್ಲಾರಾ ಒಪ್ಪಲಿಲ್ಲ. "ಸೊಸೆ ಬಾಯಿ ಮುಚ್ಕೊಂಡು ಕೂತಿದ್ಲು, ಬೇರೆಯವರ ಬಾಯಲ್ಲಿ ಅಳ್ಸಿದ್ರು ಅಂತ ಅಚ್ಚಾಗ್ಬೇಕಾ? ಬೇಡ," ಎಂದಳಂತೆ. ಕನಿಶಾಯ್ ನನ್ನ ಕಣ್ಣೆದುರೇ ಆ ಹಾಳೆಗಳನ್ನು ಒಲೆಗೆ ಹಾಕಿದಳು. ಮೇಷ್ಟ್ರು ಕೆಂಡವಾದರು. "ಹಾಗಾದ್ರೆ ಸಭೇಲಿ ನನ್ನ ಮುಖ ನೋಡ್ಬೇಡ."

"ನಿನಗೆ ತಲೆ ಸರಿಯಿದ್ಯಾ?" ಎಂದು ನಾನೂ ಕೂಗಾಡಿದೆ. "ಕೈಗೆ ಬಂದಿದ್ದನ್ನ ಯಾರಾದ್ರೂ ಸುಡ್ತಾರಾ?"

"ಅವರು ಬೇಡ ಅಂದಿದ್ದನ್ನ ಬರೆದ್ರೆ, ಬಾತ್ಮ ಅಜ್ಜಿ ಮುಂದೆ ಫೋನ್ ಇಟ್ನಲ್ಲ, ಅದಕ್ಕಿಂತ ಕೆಟ್ಟದು ಅಕ್ಕ." ಜಾಗ ಹೋಗುತ್ತದೆಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ನಲವತ್ತನೇ ದಿನ ಎಲ್ಲರೂ ಮತ್ತೆ ಸೇರಿದೆವು. ಕನಿಶಾಯ್ ಕ್ಲಾರಾಳ ಪಕ್ಕದಲ್ಲೇ ಕೂತಿದ್ದಳು. ಬಂದವರ ಸದ್ದು ಕೇಳಿ ಬಾತ್ಮ ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಕ್ಲಾರಾ ಅಜ್ಜಿಯ ತೋಳು ಹಿಡಿದುಕೊಂಡಳು. ಆಮೇಲೆ ಅವಳೇ ಶುರು ಮಾಡಿದಳು. ಲಯವಿಲ್ಲ, ಪ್ರಾಸವಿಲ್ಲ, ಅರ್ಧ ರಷ್ಯನ್.

"ಅಮ್ಮಾ, ನೀವು ಬೆಣ್ಣೆ ಕಳಿಸ್ತಿದ್ರಿ, ನಾನು ಫ್ರಿಜ್ಜಿನಲ್ಲಿಟ್ಟು ಮರೀತಿದ್ದೆ. ಫೋನಲ್ಲಿ ನೀವು ಮಾತಾಡ್ತಿದ್ರಿ, ನಾನು ಹೂಂ ಹೂಂ ಅಂತಿದ್ದೆ, ಅರ್ಧ ತಿಳೀತಿರ್ಲಿಲ್ಲ. ತಿಳೀಲಿಲ್ಲ ಇನ್ನೊಂದ್ಸಲ ಹೇಳಿ ಅನ್ನೋಕೆ ನಾಚ್ಕೆ ಆಯ್ತು. ಈಗ ಹೇಳಿ. ಗುಲಾಯಿಮ್! ಗುಲಾಯಿಮ್ ಅಮ್ಮಾ!"

ಒಳಗಿದ್ದವರೆಲ್ಲ ದಂಗಾದೆವು. ಸೊಸೆಯಾದವಳು ಅತ್ತೆಯ ಹೆಸರು ಹಿಡಿಯುವುದುಂಟೇ? ಸತ್ತ ಮೇಲೂ ಉಂಟೇ? ಯಾರೋ ಅವಳ ಬೆನ್ನು ತಿವಿದರು.

"ಬಿಡ್ರೇ," ಎಂದರು ಬಾತ್ಮ ಅಜ್ಜಿ. "ಅವಳತ್ತೆ ಮದುವೆಯಾಗಿ ಈ ಊರಿಗೆ ಬಂದ್ಮೇಲೆ ಹೆಸರು ಹಿಡಿದು ಯಾರು ಕರ್ದಿದಾರೆ? ಕರೀಲಿ."

ಆಗ ಅಲ್ಲಿದ್ದ ಮುದುಕಿಯರು ಅತ್ತ ಅಳುವನ್ನು ನಾನು ಯಾವ ಸಾವಿನಲ್ಲೂ ಕೇಳಿಲ್ಲ. ನಾನೂ ಅತ್ತುಬಿಟ್ಟೆ. ನನ್ನನ್ನೂ ನನ್ನ ಗಂಡನ ಮನೆಯಲ್ಲಿ ಯಾರೂ ಸಾಲ್ಕಿನ್ ಎಂದು ಕರೆದವರಿಲ್ಲ.

ಸಂಜೆ ಬಟ್ಟಲು ತೊಳೆಯುವಾಗ ಕ್ಲಾರಾ ಕನಿಶಾಯ್ ಕಡೆ ತಿರುಗಿದಳು. "ಇದನ್ನ ಬರ್ಕೋ. ತಪ್ಪೆಲ್ಲ ಹಾಗೇ ಇರ್ಲಿ. ತಿದ್ದಿದ್ರೆ ಅದು ನಂದಾಗಲ್ಲ."

ಸಭೆಗೆ ರಾಜಧಾನಿಯಿಂದ ಹಿರಿಯ ವಿದ್ವಾಂಸರೊಬ್ಬರು ಬಂದಿದ್ದರು. ಕನಿಶಾಯ್ ತನ್ನ ಕೆಲಸದ ಬಗೆ ಹೇಳಿ, ಯಾವ ಮನೆಯದೆಂದು ಹೇಳದೆ ಕ್ಲಾರಾಳ ಅಳುವನ್ನು ಮಾತಿನ ಹಾಗೆ ಓದಿದಳು. ಆ ವಿದ್ವಾಂಸರು ಕನ್ನಡಕ ತೆಗೆದರು.

"ಭಾಷೆ ಕಲಬೆರಕೆ. ಅದು ಹೋಗ್ಲಿ, ಸೊಸೆ ಅತ್ತೆ ಹೆಸರು ಹಿಡಿದು ಕರೆಯೋದು ನಮ್ಮ ಪದ್ಧತೀಲೇ ಇಲ್ಲ. ಇದು ಅಳುಹಾಡಲ್ಲ, ತಪ್ಪು. ಆ ಹೆಸರು ತೆಗೆದು ತನ್ನಿ, ಆಮೇಲೆ ನೋಡೋಣ."

"ತೆಗೆಯೋಕಾಗಲ್ಲ," ಎಂದಳು ಕನಿಶಾಯ್. ದನಿ ಸಣ್ಣಗಿತ್ತು, ಆದರೆ ಅಲುಗಲಿಲ್ಲ.

ಅವಳ ಕತೆ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ. ಕುರ್ಚಿ ಸರಿದ ಸದ್ದಾಯಿತು. ಎಸೆನ್‌ಕುಲ್ ಮೇಷ್ಟ್ರು ಎದ್ದು ನಿಂತಿದ್ದರು.

"ಅದು ನನ್ನ ಹೆಂಡತಿ ಅತ್ತಿದ್ದು," ಎಂದರು. "ಆ ಹೆಸರನ್ನ ಯಾರಾದ್ರೂ ಕೂಗಿದ್ದನ್ನ ನಾನು ಈ ವಯಸ್ಸಿನವರೆಗೂ ಕೇಳಿರ್ಲಿಲ್ಲ. ಅವತ್ತು ಕೈಯಲ್ಲಿ ಮಾಂಸದ ತಟ್ಟೆ ಹಿಡ್ಕೊಂಡು ಬಾಗಿಲಾಚೆ ನಿಂತು ಕೇಳ್ದೆ. ಹೊಸದು ತನ್ನಿ ಅಂತ ನೀವೇ ಬರೆದು ಕಳಿಸಿದ್ರಿ. ಇದಕ್ಕಿಂತ ಹೊಸದು ನನಗೆ ಗೊತ್ತಿಲ್ಲ. ಹೆಸರು ಇರ್ಲಿ."

ಮೇಷ್ಟ್ರು ಕೂರಲು ಹೋದವರು ಮತ್ತೆ ನಿಂತರು.

"ಗುಲಾಯಿಮ್," ಎಂದರು, ರೂಢಿಯಿಲ್ಲದ ಬಾಯಿಂದ, ಮೆಲ್ಲಗೆ. "ನಮ್ಮಮ್ಮ."