ಅವ್ವನ ಎಡಗಿವಿ

ವಯಸ್ಸಾದಂತೆ ಏನೇನು ಕೆಡುತ್ತದೆ ಎಂದು ಎಲ್ಲರೂ ಮೊದಲೇ ಎಚ್ಚರಿಸಿದ್ದರು. ಕೂದಲು, ಹಲ್ಲು, ಮಂಡಿ, ಸೊಂಟ. ಕೂದಲಿಗೆ ನಾನು ನಲವತ್ತೆರಡರಿಂದಲೇ ಮೆಹಂದಿ ಮೆತ್ತುತ್ತಿದ್ದೇನೆ. ಗದ್ದದ ಮೇಲೆ ಎರಡು ಗಟ್ಟಿ ಕೂದಲು ಬರುತ್ತವೆ, ಈ ಭಾನುವಾರ ಕಿತ್ತರೆ ಮುಂದಿನ ಭಾನುವಾರಕ್ಕೆ ಮತ್ತೆ ಹಾಜರು. ಇದಕ್ಕೆಲ್ಲ ನಾನು ತಯಾರಾಗಿದ್ದೆ. ಕಿವಿಯ ಬಗ್ಗೆ ಮಾತ್ರ ಯಾರೂ ಒಂದು ಮಾತೂ ಹೇಳಿರಲಿಲ್ಲ.

ನಾನು ಚನ್ನಪಟ್ಟಣದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಒಂದು ದಿನ ಬೋರ್ಡಿನ ಮೇಲೆ ತ್ರಿಕೋನ ಬರೆದು ತಿರುಗಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಓಲೆ ಬೀಳಂಗೈತೆ," ಎಂದಳು. ಮುಟ್ಟಿ ನೋಡಿಕೊಂಡೆ. ಬೀಳುವಂತೆ ಏನೂ ಇರಲಿಲ್ಲ, ತಿರುಪು ಭದ್ರವಾಗಿತ್ತು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತಾಗ ಗೊತ್ತಾಯಿತು. ಮದುವೆಯಿಂದ ಹಾಕಿಕೊಂಡು ಬಂದ ಓಲೆಯ ಭಾರಕ್ಕೆ ತೂತುಗಳು ಸೀಳಾಗಿದ್ದವು, ಓಲೆ ಎರಡೂ ನೆಲ ನೋಡುತ್ತಿದ್ದವು. ಇನ್ನು ಒಂದು ಭತ್ತದ ಕಾಳಿನಷ್ಟು ಇಳಿದರೆ ಕಿವಿ ಹರಿದೇ ಹೋಗುತ್ತಿತ್ತು.

ಸ್ವಲ್ಪ ದಿನ ಉಪಾಯ ಮಾಡಿದೆ. ಮೊಸರಿನ ಡಬ್ಬಿಯ ಮುಚ್ಚಳವನ್ನು ಗುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ, ಕಿವಿಯ ಹಿಂದೆ ಕೊಟ್ಟು ತಿರುಪು ಹಾಕಿದೆ. ಓಲೆ ನೆಟ್ಟಗೆ ನಿಂತಿತು, ಆದರೆ ಕಿವಿಯ ಹಿಂದೆ ನೀಲಿ ಬಿಲ್ಲೆ ಕಾಣುತ್ತಿತ್ತು. ಸ್ಟಾಫ್ ರೂಮಿನಲ್ಲಿ ಅದನ್ನೂ ಕಂಡುಹಿಡಿದರು. ಕೊನೆಗೆ ಸಹೋದ್ಯೋಗಿಯೊಬ್ಬರು ಹೇಳಿದ ಚರ್ಮದ ಡಾಕ್ಟರ ಹತ್ತಿರ ಹೋಗಿ ಎರಡೂ ಕಿವಿ ಹೊಲಿಸಿಕೊಂಡೆ. ಹೊಲಿಗೆ ಮಾಯ್ದು ಹೊಸ ತೂತು ಚುಚ್ಚಬೇಕಾದರೆ ಮೂರು ತಿಂಗಳು ಕಾಯಬೇಕು ಎಂದರು. ಕಾದೆ. ಹೊಲಿಸಿದ ನಾಲ್ಕನೇ ದಿನ ನಮ್ಮ ಮನೆಯವರು ಪ್ಲಾಸ್ಟರ್ ನೋಡಿ, "ಕಿವಿಗೇನಾಯ್ತೆ, ಸೊಳ್ಳೆ ಕಚ್ತಾ?" ಎಂದು ಕೇಳಿದರು. ಹೇಳಿದ ಮೇಲೆ ನಕ್ಕರು. ಅವರು ನಗುತ್ತಾರೆಂದು ಗೊತ್ತಿದ್ದೇ ನಾನು ಮೊದಲು ಹೇಳಿರಲಿಲ್ಲ.

ಹೊಂಗನೂರಿನಲ್ಲಿ ಅಣ್ಣನ ಮನೆ. ಅವ್ವ ಅಲ್ಲೇ ಇದ್ದಾಳೆ, ಅವಳಿಗೆ ಎಂಬತ್ತೊಂದು. ಆ ಮೂರು ತಿಂಗಳು ಊರಿಗೆ ಹೋದಾಗೆಲ್ಲ ಬರಿಗಿವಿ ಕಂಡು ಕೇಳಿದವರಿಗೆ ಕೀವಾಗಿದೆ ಎಂದು ಸುಳ್ಳು ಹೇಳಿದ್ದೆ. ಐವತ್ತಾರು ವರ್ಷದವಳು ಅಂದಕ್ಕಾಗಿ ಕಿವಿ ಕೊಯ್ಯಿಸಿಕೊಂಡೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆ. ಹೊಸ ತೂತಿಗೆ ಓಲೆ ಹಾಕಿಕೊಂಡ ಮೇಲಿನ ಭಾನುವಾರ ಧೈರ್ಯವಾಗಿ ಹೋದೆ. ಅಣ್ಣನಾಗಲಿ ಅತ್ತಿಗೆಯಾಗಲಿ ಗಮನಿಸಲಿಲ್ಲ. ಪೊರೆ ತೆಗೆಸಿಕೊಂಡ ಕಣ್ಣಿನ ಅವ್ವ ಮಾತ್ರ ನಾನು ಕೂರುವ ಮೊದಲೇ, "ಹೊಲಿಸ್ಕಂಡಿದ್ದೀಯ?" ಎಂದಳು.

ಹತ್ತಿರ ಕರೆದು ನನ್ನ ಕಿವಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಗೆರೆ ಎಲ್ಲಿದೆ ಎಂದು ಬೆರಳಲ್ಲಿ ತಡಕಿದಳು. ಆಮೇಲೆ ಅತ್ತಿಗೆ ಅಡುಗೆಮನೆಯಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು ತಲೆಯ ಮೇಲಿನ ಸೆರಗು ಸರಿಸಿದಳು. "ಇದ್ನೂ ಹೊಲಿತಾರಾ?"

ಅವಳ ಎಡಗಿವಿಯ ಹಾಲೆ ತುದಿಯವರೆಗೂ ಹರಿದು ಎರಡು ತುಂಡಾಗಿ ಜೋತಾಡುತ್ತಿತ್ತು.

ಇಲ್ಲಿ ನನ್ನ ದಡ್ಡತನವನ್ನು ಒಪ್ಪಿಕೊಳ್ಳಬೇಕು. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಅಂದಿನಿಂದ ಅವ್ವ ತಲೆ ತುಂಬ ಸೆರಗು ಹೊದ್ದೇ ಇರುತ್ತಾಳೆ. ಅದು ಅಪ್ಪನಿಗಾಗಿ ಎಂದು ನಾನು ತಿಳಿದಿದ್ದೆ. ತಿಳಿದುಕೊಂಡು ಸುಮ್ಮನಿದ್ದೆನೇ, ಸ್ಟಾಫ್ ರೂಮಿನಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಇದ್ದೆ, ಹಿಂದಿನವರ ಗಾಂಭೀರ್ಯವೇ ಬೇರೆ ಎಂದು. ಮದುವೆ ಮನೆಗಳಲ್ಲಿ ಅವಳು ಹಿಂದಿನ ಸಾಲಿನ ಎಡಗಡೆಯ ಗೋಡೆಗೆ ಒರಗಿಯೇ ಕೂರುವುದನ್ನೂ ನೋಡಿದ್ದೆ, ವಿಧವೆಯ ಸಂಕೋಚ ಎಂದುಕೊಂಡಿದ್ದೆ. ಆದದ್ದಿಷ್ಟೆ. ಅಪ್ಪ ಹೋದ ವರ್ಷವೇ ರೇಷ್ಮೆ ಹುಳದ ಮನೆಯ ಮುಂದೆ ಸೊಪ್ಪಿನ ಹೊರೆ ಇಳಿಸುವಾಗ ಹಿಪ್ಪುನೇರಳೆ ಕಡ್ಡಿಗೆ ಓಲೆ ಸಿಕ್ಕಿ ಕಿವಿ ಹರಿದಿತ್ತು. ಅರಿಶಿನ ಮೆತ್ತಿಕೊಂಡಳು, ಓಲೆ ಎರಡನ್ನೂ ಪೆಟ್ಟಿಗೆಯಲ್ಲಿ ಇಟ್ಟಳು, ಸೆರಗು ಹೊದ್ದಳು. ಅತ್ತಿಗೆಗೆ ಗೊತ್ತಿತ್ತು. ಆಮೇಲೆ ಕೇಳಿದಾಗ, "ಅದಾ, ಯಾವತ್ತೋ ಆಗಿದ್ದಲ್ವಾ," ಎಂದಳು. ಹೇಳುವಂಥ ವಿಷಯವೆಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಅವ್ವ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇನ್ನೂ ಕೆಟ್ಟದ್ದು. "ಈ ವಯಸ್ಸಲ್ಲಿ ಯಾಕವ್ವ ಅದೆಲ್ಲ?" ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು. ಅವಳು ಸೆರಗು ಎಳೆದುಕೊಂಡು, "ಅದೂ ಸರಿಯೆ," ಎಂದಳು. "ಕೈ ತೊಳ್ಕೊ, ಉಪ್ಸಾರು ಆಗೈತೆ."

ಉಂಡು ಬಸ್ಸು ಹತ್ತಿದೆ. ಚನ್ನಪಟ್ಟಣ ಬರುವವರೆಗೂ ನನ್ನ ಓಲೆಯನ್ನು ಮುಟ್ಟಿಕೊಳ್ಳುತ್ತಲೇ ಇದ್ದೆ. ರಾತ್ರಿ ಊಟಕ್ಕೆ ಮುಂಚೆಯೇ ನಮ್ಮ ಮನೆಯವರಿಗೆ ಹೇಳಿದೆ. ಅವರು ಪೇಪರ್ ಮಡಿಸಿ, "ನಿಂಗೆ ಎಂಬತ್ತೊಂದಾದಾಗ ಮೆಹಂದಿ ಹಚ್ಚೋದು ಬುಡ್ತೀಯಾ?" ಎಂದು ಕೇಳಿದರು.

"ಇಲ್ಲ," ಎಂದೆ.

"ಮತ್ತೆ?"

ಅವರು ಸರಿಯಾದ ಮಾತು ಆಡಿದಾಗ ನನಗೆ ಸಿಟ್ಟು ಬರುವುದು ವಾಡಿಕೆ. ಆವತ್ತು ಬರಲಿಲ್ಲ.

ಮರುದಿನ ಅವ್ವನಿಗೆ ಫೋನ್ ಮಾಡಿ ಡಾಕ್ಟರ ಹತ್ತಿರ ಹೋಗೋಣ ಎಂದೆ. ಅವಳು ಖಡಾಖಂಡಿತವಾಗಿ ಬೇಡವೆಂದಳು. "ಏನೋ ಬಾಯಿಗ್ ಬಂತು, ಕೇಳ್ದೆ ಬುಡು. ಗಂಡ ಇಲ್ದೋಳು ಈ ಮುಪ್ಪಲ್ಲಿ ಸಿಂಗಾರ ಮಾಡ್ಕತಾ ಅವ್ಳೆ ಅಂತಾರೆ ಜನ." ಅಣ್ಣನಿಗೆ ಹೇಳಿ ನೋಡಿದೆ. ಅವನೂ ನನ್ನ ಮಾತನ್ನೇ ಆಡಿದ, "ಅವ್ವಂಗ್ಯಾಕೆ ಈಗ ಅದೆಲ್ಲ?" ನನ್ನ ಮಾತು ಇನ್ನೊಬ್ಬರ ಬಾಯಲ್ಲಿ ಅಷ್ಟು ಅಸಹ್ಯವಾಗಿ ಕೇಳಿಸುತ್ತದೆಂದು ಗೊತ್ತಿರಲಿಲ್ಲ. "ಅಂಗಾದ್ರೆ ನಿನ್ ಮೀಸೆಗೆ ಬಣ್ಣ ಯಾಕಣ್ಣ?" ಎಂದು ಕೇಳಿದೆ. ಅಣ್ಣನ ವಯಸ್ಸು ಅರವತ್ತು, ಮೀಸೆ ಮಾತ್ರ ಇಪ್ಪತ್ತೈದರದ್ದು. ಅವನು ಫೋನ್ ಇಟ್ಟ.

ಅವ್ವನಿಗೆ ಮತ್ತೆ ಮಾಡಿದೆ. ಈ ಸಲ ಕಿವಿಯ ಮಾತೇ ಎತ್ತಲಿಲ್ಲ. "ನಾನ್ ಅಂದಿದ್ದು ತಪ್ಪು ಕಣವ್ವ," ಎಂದೆ. ಅವಳು ದನಿ ತಗ್ಗಿಸಿ, "ಯಾವ್ ವಾರ ಬರ್ಬೇಕು?" ಎಂದಳು.

ಕರೆದುಕೊಂಡು ಬಂದವನು ಅಣ್ಣನೇ. ಮೀಸೆಯ ಮಾತು ಇಬ್ಬರೂ ಎತ್ತಲಿಲ್ಲ. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಸಕ್ಕರೆ, ಬಿ.ಪಿ. ಎಲ್ಲ ನೋಡಿ, ಹೊಲಿಯಬಹುದು, ಆದರೆ ಹಳೆಯ ಗಾಯ, ಮೂರು ತಿಂಗಳು ಬಿಟ್ಟೇ ಚುಚ್ಚಬೇಕು ಎಂದರು. ಎಂಬತ್ತೊಂದರಲ್ಲಿ ಮೂರು ತಿಂಗಳೆಂದರೆ ಎಷ್ಟು ಎಂದು ನನಗೆ ದಿಗಿಲಾಯಿತು. ಅವ್ವ ಬೆರಳು ಮಡಿಸಿ ಲೆಕ್ಕ ಹಾಕಿ, "ಗೌರಿ ಹಬ್ಬಕ್ ಸರಿ ಹೋಯ್ತದೆ," ಎಂದಳು. ಹೊಲಿಯುವಾಗ ಅಳಲಿಲ್ಲ, ಚುಚ್ಚುಮದ್ದು ಕೊಟ್ಟ ಕೈ ಹಗುರವಾಗಿದೆಯೆಂದು ಡಾಕ್ಟರನ್ನು ಹೊಗಳಿದಳು. ಆಮೇಲಿನ ಮೂರು ತಿಂಗಳು ಅತ್ತಿಗೆಗೆ ಬಿಡುವು ಕೊಡಲಿಲ್ಲವಂತೆ. ಬೆಳಿಗ್ಗೆ ಎದ್ದ ಕೂಡಲೇ, ಗೆರೆ ಕೂಡಿತಾ ನೋಡು, ಸೊಟ್ಟಗಾಗೈತಾ ನೋಡು. ಅತ್ತಿಗೆ ನನಗೆ ಫೋನಿನಲ್ಲಿ ದೂರು ಹೇಳುವಳು, ಹೇಳುತ್ತಲೇ ನಗುವಳು.

ಹಬ್ಬಕ್ಕೆ ವಾರವಿರುವಾಗ ನಾನೂ ಅವ್ವನೂ ಚನ್ನಪಟ್ಟಣದಲ್ಲೇ ನಮಗೆ ಗೊತ್ತಿರುವ ಅಕ್ಕಸಾಲಿ ಆಚಾರ್ರ ಅಂಗಡಿಗೆ ಹೋದೆವು. ನಮಗಿಂತ ಮುಂಚೆ ವರ್ಷದ ಕೂಸೊಂದಕ್ಕೆ ಕಿವಿ ಚುಚ್ಚುತ್ತಿದ್ದರು. ಸೋದರಮಾವ ತೊಡೆಯ ಮೇಲೆ ಕೂರಿಸಿಕೊಂಡು ಅದರ ತಲೆ ಅಲ್ಲಾಡದಂತೆ ಹಿಡಿದಿದ್ದ. ಕೂಸು ಬೀದಿಗೆಲ್ಲ ಕೇಳುವಂತೆ ಕಿರುಚಿ, ಬೆಲ್ಲ ಬಾಯಿಗೆ ಬಿದ್ದ ಮೇಲೆ ಸುಮ್ಮನಾಯಿತು. ಅವರು ಎದ್ದು ಹೋದರು. ಆಚಾರ್ರು ನನ್ನ ಕಡೆ ನೋಡಿ, "ಯಾರಿಗಮ್ಮ, ಕೂಸು ಎಲ್ಲಿ?" ಎಂದು ಕೇಳಿದರು.

"ನಂಗೆ ಕಣಪ್ಪ," ಎಂದಳು ಅವ್ವ.

ಅವರು ಕನ್ನಡಕ ಸರಿಮಾಡಿಕೊಂಡು, "ಸೋದರಮಾವ ಬಂದವ್ರಾ?" ಎಂದು ತಮಾಷೆ ಮಾಡಿದರು. ಅವ್ವ ಗಂಭೀರವಾಗಿಯೇ, "ಅವ್ನು ಹೋಗಿ ಐವತ್ ವರ್ಸ ಆಯ್ತು. ಇವ್ಳೇ ಹಿಡ್ಕತಾಳೆ," ಎಂದು ನನ್ನನ್ನು ತೋರಿಸಿದಳು.

ಚಾಪೆಯ ಮೇಲೆ ಕೂತೆ. ಅವಳು ನನಗೆ ಒರಗಿ ಕೂತಳು. ಅವಳ ತಲೆಯನ್ನು ಎದೆಗೆ ಒತ್ತಿ ಹಿಡಿದೆ. ಕೂದಲ ನಡುವೆ ನೆತ್ತಿ ಕಾಣುತ್ತಿತ್ತು, ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ಇಷ್ಟು ಹಗುರವಾಗಿದ್ದಾಳಾ ಎನ್ನಿಸಿತು. ಆಚಾರ್ರು ಚಿನ್ನದ ತಂತಿ ದಾಟಿಸಿದಾಗ ಅವಳ ಕೈ ನನ್ನ ಮೊಣಕಾಲನ್ನು ಬಿಗಿಯಾಗಿ ಹಿಡಿಯಿತು, ಅಷ್ಟೆ. ತಂತಿಯ ತುದಿ ಸುತ್ತಿ, ಬಲಗಿವಿಯ ಹಳೆಯ ತೂತಿಗೂ ಅಂಥದ್ದೇ ಒಂದು ಹಾಕಿ, ಆಚಾರ್ರು ಕನ್ನಡಿ ಕೊಟ್ಟರು.

ಅವ್ವ ಕನ್ನಡಿ ಇಸಿದುಕೊಂಡಳು, ಆದರೆ ನೋಡಲಿಲ್ಲ. ಬೋರಲು ಮಾಡಿ ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದಳು.

"ಎಂಗ್ ಕಾಣ್ತೀನಿ?"

ಇಷ್ಟು ವರ್ಷದಲ್ಲಿ ಅವ್ವನಿಗೆ ನಾನು ಏನೇನೆಲ್ಲ ಹೇಳಿದ್ದೇನೆ. ಸಾರು ಚೆನ್ನಾಗಿದೆ, ಸೀರೆ ಮಾಸಿದೆ, ತೂಕ ಇಳಿದಿದ್ದೀಯ, ಮಾತ್ರೆ ಮರೆಯಬೇಡ. ಅವಳು ಹೇಗೆ ಕಾಣುತ್ತಾಳೆ ಎಂದು ಒಂದು ಸಲವೂ ಹೇಳಿರಲಿಲ್ಲ. ಹೇಳಬೇಕೆಂದು ತೋಚಿಯೂ ಇರಲಿಲ್ಲ. ನಾನು ಹುಟ್ಟಿದಾಗ ಅವಳಿಗೆ ಇಪ್ಪತ್ತೈದು, ಆ ಮುಖವನ್ನು ನಾನು ನೋಡಿಯೂ ನೋಡಿರಲಿಲ್ಲ.

"ಚಂದ ಕಾಣ್ತೀಯ ಕಣವ್ವ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು, ನಾನು ನಿಜ ಹೇಳುತ್ತಿದ್ದೇನೆಯೋ ಇಲ್ಲವೋ ಎಂಬಂತೆ. ಆಮೇಲೆ ತನಗೇ ಹೇಳಿಕೊಳ್ಳುವ ಹಾಗೆ ಮೆಲ್ಲಗೆ ಹೇಳಿದಳು.

"ನಿಮ್ಮಪ್ಪನೂವೆ ಒಂದ್ ದಿನಾನೂ ಅಂಗ್ ಅಂದಿರ್ನಿಲ್ಲ."