ಅಪ್ಪನ ಕಾಮಣಿ ಪಥ್ಯ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅಪ್ಪ ದಲಾಲಿ ಮಾಡುತ್ತಿದ್ದರು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ; ಆದರೂ ರಾಶಿಗಟ್ಟಲೆ ಕಾಯಿಯ ಘಾಟಿಗೆ ಅಲ್ಲಿ ಎಲ್ಲರ ಕಣ್ಣೂ ಕೆಂಪೇ. ಹೀಗಾಗಿ ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅಪ್ಪನ ಕಣ್ಣು ಹಳದಿಯಾದಾಗ ಪೇಟೆಯವರಿಗೆ ಅದು ಸುಧಾರಣೆಯಂತೆ ಕಂಡಿತು. ಗಾಬರಿಯಾದವಳು ಅವ್ವ ಒಬ್ಬಳೇ. ರಾಣೆಬೆನ್ನೂರಿನಲ್ಲಿದ್ದ ಅವಳ ಅಣ್ಣ ಇದೇ ಕಾಮಣಿ, ಅಂದರೆ ಕಾಮಾಲೆ, ಆಗಿ ಸತ್ತಿದ್ದ.

ಹಾವೇರಿಯ ಡಾಕ್ಟರು ಯಕೃತ್ತು ಬಾತಿದೆ, ಸುಮ್ಮನೆ ಮನೆಯಲ್ಲಿ ಮಲಗಿರಿ ಎಂದರು. ಅವ್ವನಿಗೆ ಅಷ್ಟು ಸಾಲಲಿಲ್ಲ. ಕಾಗಿನೆಲೆಯಲ್ಲಿ ಕಾಮಣಿಗೆ ಔಷಧ ಕೊಡುವ ಅಜ್ಜಿಯೊಬ್ಬಳ ಬಳಿ ಕರೆದೊಯ್ದಳು. ಅಜ್ಜಿ ಒಂದು ಕಟ್ಟು ನೆಲನೆಲ್ಲಿ ಸೊಪ್ಪು ಕೊಟ್ಟು, ದಿನಾ ಮುಂಜಾನೆ ಅರೆದು ಮಜ್ಜಿಗೆಯಲ್ಲಿ ಕುಡಿಸಲು ಹೇಳಿದಳು.

"ಕಣ್ಣು ತಿಳಿ ಆಗೂಮಟಾ ಎಣ್ಣಿ, ಖಾರ ಮುಟ್ಟಬ್ಯಾಡಪಾ," ಎಂದಳು.

ಮೆಣಸಿನಕಾಯಿ ದಲ್ಲಾಳಿಗೆ ಈ ಪಥ್ಯ!

ಆ ಸೊಪ್ಪಿನಲ್ಲಿ ಪಾಲಿಫಿನಾಲ್ ಎಂಬ ಪದಾರ್ಥಗಳಿವೆ, ಅವು ಯಕೃತ್ತಿನ ಉರಿಯೂತವನ್ನು ತಗ್ಗಿಸಬಹುದು ಎಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಆಗ ನಮಗೆ ಗೊತ್ತಿದ್ದದ್ದು ಅದು ಕಹಿ ಎಂಬುದಷ್ಟೇ. ಅಪ್ಪ ಮೂಗು ಹಿಡಿದು ಕುಡಿಯುತ್ತಿದ್ದರು. ಅನ್ನ-ಮಜ್ಜಿಗೆ ಉಣ್ಣುತ್ತಿದ್ದರು. ಅವರ ಎದುರು ಖಾರ ತಿನ್ನಲು ಮನಸ್ಸಾಗದೆ ಅವ್ವನೂ ಅದನ್ನೇ ಉಂಡಳು. ಆದರೂ ಹಳದಿ ಇಳಿಯಲೊಲ್ಲದು.

ಒಂದು ಮಧ್ಯಾಹ್ನ ಅಪ್ಪ "ಹಿಂಗ ಅಡ್ಡಾಡಿ ಬಂದೆ" ಎನ್ನುತ್ತ ಒಳಗೆ ಬಂದರು. ಅವರ ತುಟಿ ಕೆಂಪಗಿತ್ತು.

"ಪ್ಯಾಟಿಗೆ ಹೋಗಿದ್ರಿ. ಕಾಯಿ ತಿಂದೀರೇನ್ರಿ?" ಎಂದಳು ಅವ್ವ.

"ತಿಂದಿಲ್ಲ. ಮಾಲು ನೋಡೇನಿ."

ಮಾಲು ನೋಡುವುದೆಂದರೆ ಕಾಯಿ ಮುರಿದು, ಮೂಸಿ, ಚೂರು ಅಗಿದು ಉಗುಳುವುದು. ಎಷ್ಟು ಚೀಲವೋ ಅಷ್ಟು ಸಲ. ಇದೂ ಬಾಯಿಗೆ ಹೋಗುವ ವಸ್ತು ಎಂದು ಅಪ್ಪನಿಗೆ ಹೊಳೆದೇ ಇರಲಿಲ್ಲ.

"ಹಲ್ಲಿಲೆ ನೋಡ್ತಾರೇನ್ರಿ? ನಮ್ಮಣ್ಣನೂ ಹಿಂಗ, ನನಗೇನಾಗೇತಿ, ಅಂತ ಅಡ್ಡಾಡಿದ. ನಾಲ್ಕು ಮಂದಿ ಹೊತ್ಕೊಂಡು ಹೋದ್ರು," ಎಂದು ಅವ್ವ ಅಳತೊಡಗಿದಳು. ನನಗೂ ಹೆದರಿಕೆಯಾಗಿತ್ತು, ಆದರೆ ಅದಕ್ಕಿಂತ ಮೊದಲು ಅಪ್ಪನ ಮೇಲೆ ಮೈ ಉರಿಯುವಷ್ಟು ಸಿಟ್ಟು ಬಂತು. ಅಪ್ಪ ಬಾಯಿ ಮುಕ್ಕಳಿಸಿ ಬಂದು ಮಲಗಿದರು. ಆಮೇಲೆ ಹೊಸ್ತಿಲು ದಾಟಲಿಲ್ಲ.

ನಿಧಾನಕ್ಕೆ ಕಣ್ಣು ತಿಳಿಯಾಯಿತು. ಸೊಪ್ಪೋ, ವಿಶ್ರಾಂತಿಯೋ, ಅವ್ವನ ಕಾವಲೋ, ದೇವರೇ ಬಲ್ಲ. ಇನ್ನು ಏನು ಬೇಕಾದರೂ ತಿನ್ನಬಹುದು ಎಂದು ಡಾಕ್ಟರು ಹೇಳಿದ ದಿನ ಅವ್ವ ಕೆಂಪು ಚಟ್ನಿ ಅರೆದು ರೊಟ್ಟಿ ಬಡಿದಳು. ಅಪ್ಪ ಮೊದಲು ಅವಳ ತಾಟಿಗೆ ಬಡಿಸಿದರು. ಒಂದು ತುತ್ತು ಬಾಯಿಗಿಟ್ಟದ್ದೇ ಅವ್ವನ ಕಣ್ಣಿನಿಂದ ನೀರು ಸುರಿಯತೊಡಗಿತು.

"ಖಾರ ಹತ್ತಿತೇನ?" ಎಂದರು ಅಪ್ಪ.

"ಬ್ಯಾಡಗಿ ಕಾಯಿ ಯಾರಿಗೆ ಖಾರ ಹತ್ತತೈತ್ರಿ?" ಎಂದಳು ಅವ್ವ.