ಡಾಕ್ಟ್ರಮ್ಮನ ಕಾರು

ಕೊಂಡ್ಲಹಳ್ಳಿ ಹತ್ತಿರ ಬರುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ ಸಂದಿಯಿಂದ ಹಬೆ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಕಾರು ಪಕ್ಕಕ್ಕೆ ಹಾಕಿ ಇಳಿದೆ. ಈರುಳ್ಳಿ ಇಳಿಸಿ ಖಾಲಿ ಬರುತ್ತಿದ್ದ ಟ್ರ್ಯಾಕ್ಟರ್‌ನವನೊಬ್ಬ ನಿಲ್ಲಿಸಿದ. ನನ್ನನ್ನು ನೋಡಿದ. ಕಾರನ್ನು ನೋಡಿದ.

"ಡಾಕ್ಟ್ರಮ್ಮನ ಕಾರಲ್ವೇನ್ರಿ ಇದು? ಏನಾತು, ಪಾಪ!"

ಪಾಪ ಅಂದದ್ದು ನನಗಲ್ಲ. ಕಾರಿಗೆ.

ಈ ಕಾರು ನನ್ನದು ಸ್ವಾಮಿ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು, ಮಂಡಿಯಲ್ಲಿ ಬೇರೆಯವರ ಚೀಲ ಹೊತ್ತು, ಆಮೇಲೆ ಹರಿದ ಚೀಲ ಹೊಲಿದು, ಆಮೇಲೆ ಚಳ್ಳಕೆರೆಯಲ್ಲಿ ಸ್ವಂತ ಗೋಣಿಚೀಲದ ಅಂಗಡಿ ಇಟ್ಟು ತಗೊಂಡ ಕಾರು. (ಈ ಅಂಕಣವನ್ನೂ ಚೀಲದ ರಾಶಿ ಮೇಲೆ ಕೂತೇ ಬರೆಯುತ್ತೇನೆ, ನಿಮಗೆ ಗೊತ್ತು.) ಸೆಕೆಂಡ್ ಹ್ಯಾಂಡ್, ಒಪ್ಪುತ್ತೇನೆ. ನಮ್ಮೂರಿನ ಲೇಡಿ ಡಾಕ್ಟರ್ ರಿಟೈರಾಗಿ ತುಮಕೂರಿಗೆ ಹೊರಟಾಗ ಅವರಿಂದ ಕೊಂಡದ್ದು. ಹತ್ತು ವರ್ಷದ ಮೇಲಾಯಿತು.

ಕೊಂಡ ವಾರವೇ ಸೀಟ್ ಕವರ್ ಬದಲಿಸಿದೆ. ಬಿಳಿ ಕಾರಿಗೆ ನೀಲಿ ಪೇಂಟ್ ಹೊಡೆಸಿದೆ. ಹಿಂದಿನ ಗಾಜಿನ ಮೇಲೆ ದಪ್ಪ ಅಕ್ಷರದಲ್ಲಿ 'ಚೀಲದ ತಿಪ್ಪೇಸ್ವಾಮಿ' ಎಂದು ಬರೆಸಿದೆ. ಏನು ಬಂತು? ಪರಶುರಾಂಪುರಕ್ಕೆ ಹೋದರೆ ಮುದುಕಿಯರು ಕೈ ಮುಗಿಯುತ್ತಾರೆ. ಕಾರಿಗೆ. ದೊಡ್ಡಉಳ್ಳಾರ್ತಿ ಕಡೆ ಹೋದರೆ ನಾನು ಹಾರ್ನ್ ಹೊಡೆಯುವ ಮೊದಲೇ ಕುರಿ ಕಾಯುವವರು "ಡಾಕ್ಟ್ರಮ್ಮನ ಕಾರು ಬಂತಲೇ" ಎಂದು ಮಂದೆಯನ್ನು ಪಕ್ಕಕ್ಕೆ ಹೊಡೆಯುತ್ತಾರೆ. ಒಳಗೆ ಕೂತವನಿಗೆ ಇಷ್ಟು ದಪ್ಪ ಮೀಸೆ ಇದೆ ಎನ್ನುವುದು ಯಾರ ಗಮನಕ್ಕೂ ಬರುವುದಿಲ್ಲ!

ಇರಲಿ. ಟ್ರ್ಯಾಕ್ಟರ್‌ನವನು ಹಗ್ಗ ಕಟ್ಟಿ ನಮ್ಮನ್ನು ಮೊಳಕಾಲ್ಮೂರಿಗೆ ಎಳೆದು ತಂದ. ತಂಗಿ ಮಗಳ ಮದುವೆಗೆ ಸೀರೆ ತರಲು ಹೊರಟಿದ್ದ ನನ್ನ ಹೆಂಡತಿ ಪಾರ್ವತಿ ಕಾರಿನೊಳಗಿಂದಲೇ ಷರಾ ಬರೆದಳು: "ನಿಮ್ಮ ಮುಖ ನೋಡಿ ನಿಲ್ಲಿಸಿದ್ನೇನ್ರಿ ಅವ್ನು? ಕಾರಿನ ಪುಣ್ಯ."

ಅಲ್ಲಿ ಓಬಳೇಶ ಎಂಬ ಮೆಕ್ಯಾನಿಕ್. ಯಾವುದೋ ಜೀಪಿನ ಅಡಿಯಿಂದ ತಲೆ ಹೊರಗೆ ಹಾಕಿ ನೋಡಿದ. "ಅರೆರೆ, ಡಾಕ್ಟರಮ್ಮಗಾರಿ ಬಂಡಿ!" ಎಂದು ತೆಲುಗಿನಲ್ಲಿ ಕೂಗಿ ಎದ್ದೇ ಬಂದ. ಬಾನೆಟ್ ಮೇಲೆ ಅಂಗೈ ಇಟ್ಟ. "ಏನಾತವ್ವ ನಿನಗೆ? ಯಾರು ಹಿಂಗ್ ಮಾಡಿದ್ರು?"

ಯಾರು ಮಾಡಿದ್ದೆಂದು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು. ಆಯಿಲ್ ನೋಡುವ ಕಡ್ಡಿ ಎಳೆದ. ಆಯಿಲ್ ಹಾಲು ಹೆಚ್ಚಾದ ಟೀ ಬಣ್ಣಕ್ಕೆ ತಿರುಗಿತ್ತು. "ಆಯಿಲ್‌ಗೆ ನೀರು ಸೇರೈತೆ. ಹೆಡ್ ಗ್ಯಾಸ್ಕೆಟ್ ಹೋಗೈತೆ. ಹೆಡ್ ಬಿಚ್ಚಿ ಲೇತಿಗೆ ಕಳಿಸ್ಬೇಕು." ಆಮೇಲೆ ರೇಡಿಯೇಟರ್ ಬಿಚ್ಚಿ ಬೋರಲು ಹಾಕಿ ಬಡಿದ. ಬೆಳ್ಳಗೆ ಹಕ್ಕಳೆ ಹಕ್ಕಳೆಯಾಗಿ ಉದುರಿತು.

"ಏನ್ರಿ ಇದು, ರೇಡಿಯೇಟ್ರೋ ಸುಣ್ಣದ ಗೂಡೋ? ಬೋರ್ ನೀರು ಹಾಕೀರಾ?"

"ಹೂಂ. ಅದನ್ನೇ ನಾವೂ ಕುಡಿಯೋದು. ನಮಗೇನಾಗೈತೆ?"

"ನಿಮ್ಮ ಹಲ್ಲಿನ ಕಲೆನೂ ನೋಡಿದೆ ಬಿಡ್ರಿ" ಎಂದ.

ಪಾರ್ವತಿ ಸೆರಗು ಬಾಯಿಗೆ ಅಡ್ಡ ಇಟ್ಟು ಆ ಕಡೆ ತಿರುಗಿದಳು.

"ಡಾಕ್ಟ್ರಮ್ಮ ಇದಕ್ಕೆ ಬ್ಯಾಟ್ರಿ ನೀರು ಬಿಟ್ರೆ ಬೇರೆ ಮುಟ್ಟಿಸ್ತಿರ್ಲಿಲ್ಲ. ಈ ಸುಣ್ಣ ಪೂರಾ ನಿಮ್ದೇ ನೋಡ್ರಿ."

ಇಷ್ಟು ವರ್ಷದಲ್ಲಿ ಆ ಕಾರಿನಲ್ಲಿ ಏನೋ ಒಂದು ನನ್ನದು ಎಂದು ಒಪ್ಪಿಕೊಂಡ ಮೊದಲ ಮನುಷ್ಯ ಅವನು. ಅದೂ ಏನು? ಸುಣ್ಣ!

ಕಾರು ಅಲ್ಲೇ ಬಿಟ್ಟು, ಸೀರೆ ತಗೊಂಡು, ಬಸ್ಸಿನಲ್ಲಿ ವಾಪಸಾದೆವು. ನಾಲ್ಕು ದಿನ ಬಿಟ್ಟು ಫೋನ್ ಮಾಡಿದೆ.

"ನಾನು ತಿಪ್ಪೇಸ್ವಾಮಿ."

"ಯಾವ ತಿಪ್ಪೇಸ್ವಾಮಿ?"

(ನಮ್ಮ ಸೀಮೆಯಲ್ಲಿ ಇದು ನ್ಯಾಯವಾದ ಪ್ರಶ್ನೆ. ಬಸ್ಸಿನಲ್ಲಿ ಈ ಹೆಸರು ಕೂಗಿದರೆ ಕಂಡಕ್ಟರೂ ಸೇರಿ ಅರ್ಧ ಜನ ತಿರುಗಿ ನೋಡುತ್ತಾರೆ.)

"ಚೀಲದ ತಿಪ್ಪೇಸ್ವಾಮಿ. ಚಳ್ಳಕೆರೆ."

"ಚೀಲ ಬ್ಯಾಡ್ರಿ ನಮಗೆ."

ಪಾರ್ವತಿ ಫೋನ್ ಕಿತ್ತುಕೊಂಡಳು. "ಡಾಕ್ಟ್ರಮ್ಮನ ಕಾರಿನೋರು ಕಣಣ್ಣ."

"ಓಹೋ, ನಮಸ್ಕಾರ ಅಕ್ಕಾ! ಬರ್ರಿ ಬರ್ರಿ, ರೆಡಿ ಐತೆ. ಎಲ್ಲಾ ಕೆಲ್ಸ ಬಿಟ್ಟು ಅದನ್ನೇ ಮಾಡಿದೀನಿ."

ಬೆಳಗಿನ ಬಸ್ಸಿಗೆ ಇಬ್ಬರೂ ಹೋದೆವು. ಓಬಳೇಶ ಕೀ ತಿರುಗಿಸಿದ. ನನಗೆ ಕೊಡದೆ ತಾನೇ ತಿರುಗಿಸಿದ, ಗಮನಿಸಿ. ಇಂಜಿನ್ ಒಂದೇ ಸಲಕ್ಕೆ ಹಿಡಿಯಿತು. ನನ್ನ ಕೈಯಲ್ಲಿ ಅದು ಎಂದೂ ಅಷ್ಟು ಮೆತ್ತಗೆ ಮಾತಾಡಿದ್ದಿಲ್ಲ. ಅವನು ಕಣ್ಣು ಮುಚ್ಚಿ ಕೇಳಿದ. "ಡಾಕ್ಟ್ರಮ್ಮ ಬಂದಂಗೇ ಆತು. ಹೆಡ್ ಬಿಚ್ಚಿ ನೋಡ್ದೆ ಕಣ್ರಿ, ಒಳಗೆ ಇನ್ನೂ ಏನ್ ಚೆನ್ನಾಗೈತೆ! ಅವ್ರು ಹಂಗೆ ನೋಡ್ಕಂಡಿದ್ರು."

ನನಗೆ ತಡೆಯಲಾಗಲಿಲ್ಲ. "ಹತ್ತು ವರ್ಷದಿಂದ ಆಯಿಲ್ ಬದಲಾಯಿಸಿದೋರು ಯಾರಪ್ಪಾ? ಟೈರ್ ಹಾಕಿಸಿದೋರು ಯಾರು? ನಿಮ್ಮ ಡಾಕ್ಟ್ರಮ್ಮ ತುಮಕೂರಿಂದ ಬಂದು ಹಾಕ್ಸಿ ಹೋದ್ರಾ?"

ಅವನು ಸಿಟ್ಟಾಗಲಿಲ್ಲ. ಕೈ ಒರೆಸಿಕೊಂಡು ಹಿಂದಿನ ಬಾಗಿಲು ತೆಗೆದ.

"ನನ್ನ ಮಗಳು ಹುಟ್ಟಿದ್ದು ಇಲ್ಲೇ ರೀ. ಈ ಸೀಟ್ನಾಗೆ. ಡಾಕ್ಟ್ರಮ್ಮ ಕ್ಯಾಂಪಿಗೆ ಬಂದಿದ್ರು. ನನ್ನ ಹೆಂಡ್ತಿ ಒದ್ದಾಡೋದು ನೋಡಿ ತಾವೇ ಹತ್ತಿಸ್ಕಂಡು ಚಳ್ಳಕೆರೆಗೆ ಹೊರಟ್ರು. ಇಲ್ಲೇ ನಮ್ಮ ಪಕ್ಕದ ಹಾನಗಲ್ ದಾಟೋದ್ರೊಳಗೇ ಆಗೋತು. ನನ್ನ ಕೆಳಗಿಳ್ಸಿ, 'ಆ ಕಡೆ ತಿರುಗಿ ನಿಂತ್ಕಳೋ, ಬೀಳ್ಬ್ಯಾಡ' ಅಂದ್ರು. ಈಗ ಕಾಲೇಜಿಗೆ ಹೋಗ್ತಾಳೆ."

ಏನು ಹೇಳುತ್ತೀರಿ ಇದಕ್ಕೆ? ಆ ಸೀಟಿನ ಮೇಲೆ ನಾನು ಹೇರಿದ್ದು ಖಾಲಿ ಚೀಲ. ಒಂದೊಂದು ಸಲ ತುಂಬಿದ್ದು.

ನನ್ನ ಅಂಗಡಿ ಇರುವ ಜಾಗಕ್ಕೆ ಈಗಲೂ ಜನ 'ಸೋಡಾ ಫ್ಯಾಕ್ಟರಿ' ಎನ್ನುತ್ತಾರೆ. ಫ್ಯಾಕ್ಟರಿ ಮುಚ್ಚಿ ಎಷ್ಟೋ ಕಾಲವಾಯಿತು. ಅದಕ್ಕೂ ಉರಿದಿದ್ದೇನೆ, ಆದರೆ ಸೋಡಾ ಮಾರಿದವನ ಜೊತೆ ಜಿದ್ದಿಗೆ ಬೀಳಬಹುದು. ಹೆರಿಗೆ ಮಾಡಿಸಿದವರ ಜೊತೆ ಹೇಗೆ ಬೀಳುವುದು? ಆರ್‌ಟಿಓ ಆಫೀಸಿನಲ್ಲಿ ಎಲ್ಲವೂ ನನ್ನ ಹೆಸರಿಗೆ ಆಯಿತು, ಜನರ ಬಾಯಲ್ಲಿ ಮಾತ್ರ ಆಗಲಿಲ್ಲ. ಗಾಜಿನ ಮೇಲೆ ಹೆಸರು ಬರೆಸಿದವನು ನಾನು. ಆಯಮ್ಮ ಬರೆಸಿಯೇ ಇರಲಿಲ್ಲ.

ಹೌದು, ಹೊಟ್ಟೆಕಿಚ್ಚು. ಯಾಕೆ ಮುಚ್ಚಿಡಲಿ? ಹೊತ್ತ ಚೀಲಕ್ಕೆ ಲೆಕ್ಕವಿಲ್ಲ, ಬೆನ್ನು ಈಗಲೂ ನೋಯುತ್ತದೆ. ಆ ಬೆನ್ನಿಗೆ ಒರಗಲು ಸಿಕ್ಕ ಸೀಟೂ ಇನ್ನೊಬ್ಬರದು ಅಂದರೆ ಉರಿಯುವುದಿಲ್ಲವೇ?

ವಾಪಸ್ ಬರುವಾಗ ಅಲ್ಲೇ ಒಂದು ಅಂಗಡಿಯಲ್ಲಿ ಬ್ಯಾಟರಿ ನೀರಿನ ಕ್ಯಾನ್ ತಗೊಂಡೆ. ಸೋತು ಅಲ್ಲ, ಇಂಜಿನ್‌ಗೋಸ್ಕರ. ಅಂಗಡಿಯವನು ಕ್ಯಾನ್ ಡಿಕ್ಕಿಗೆ ಇಡುತ್ತಾ ಕಾರನ್ನೊಮ್ಮೆ ಸವರಿದ. "ಆಯಮ್ಮನೂ ಇದನ್ನೇ ತಗಳ್ತಿದ್ರು."

ಪಾರ್ವತಿ ಈ ಸಲ ಮುಂದೆ ಕೂರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು, ಕವರ್ ಮೇಲಿನ ಗೋಣಿನಾರು ಒಂದೊಂದೇ ಆರಿಸಿ ಕಿಟಕಿಯಾಚೆ ಹಾಕುತ್ತಿದ್ದಳು.

"ಇಷ್ಟು ಉರ್ಕೋತೀರಲ್ಲ, ಮಾರಿಬಿಡ್ರಿ ಅತ್ಲಾಗೆ" ಅಂದಳು. "ತಗಂಡೋನನ್ನ ಎಲ್ರೂ ಕೇಳ್ತಾರೆ, 'ಇದು ಚೀಲದ ತಿಪ್ಪೇಸ್ವಾಮಿ ಕಾರಲ್ವಾ?' ಅಂತ."

ಹೊಳೆದೇ ಇರಲಿಲ್ಲ! ಚಳ್ಳಕೆರೆ ಬರುವವರೆಗೂ ಅದನ್ನೇ ಮೆಲುಕು ಹಾಕಿದೆ. ಯಾವನೋ ಒಬ್ಬ ನನ್ನ ಕಾರಿನಲ್ಲಿ ಕೂತು, ಊರೂರಿನಲ್ಲಿ ನನ್ನ ಹೆಸರು ಕೇಳಿಸಿಕೊಂಡು, ನನ್ನ ಹಾಗೇ ಉರಿದುಕೊಳ್ಳುವ ಚಿತ್ರ. ಎಷ್ಟು ಚಂದ! ಗಿರಾಕಿಯೂ ಸಿಕ್ಕಾನು. ಇವತ್ತೇ ಮಾರಿಬಿಡಬಹುದು.

ಆದರೆ ಆಗಲೂ ಜನ 'ಡಾಕ್ಟ್ರಮ್ಮನ ಕಾರಲ್ವಾ?' ಅಂದುಬಿಟ್ಟರೆ?